ತಾರಸಿಯ ಹಣ್ಣಿನ ಗಿಡಕ್ಕೆ ತೆಂಗಿನ ಪುಡಿಯ ಬೇರು

ಹಿರೀಸಾವೆ, ಚನ್ನರಾಯಪಟ್ಟಣದ ಸುತ್ತ ತೆಂಗಿಗೆ ಬರವಿಲ್ಲ. ಸಿಪ್ಪೆಯಿಂದ ನಾರು ತೆಗೆದ ಮೇಲೆ ಕಂದು ಪುಡಿ ಉಳಿಯುತ್ತದೆ. ಮಣ್ಣಿಲ್ಲದೆ ಮನೆಯಲ್ಲೇ ಹಣ್ಣಿನ ಗಿಡ ಬೆಳೆಸಬೇಕೆನ್ನುವವರಿಗೆ ಬೇಕಾದದ್ದು ಅದೇ ಪುಡಿ.

ಗಿಡ ಮಣ್ಣು ತಿಂದು ಬೆಳೆಯುವುದಿಲ್ಲ. ಬ್ರಸೆಲ್ಸ್‌ನ ವಿಜ್ಞಾನಿ ವ್ಯಾನ್ ಹೆಲ್ಮಾಂಟ್ 200 ಪೌಂಡ್ ಒಣಮಣ್ಣಿನಲ್ಲಿ ವಿಲ್ಲೋ ಸಸಿ ನೆಟ್ಟು ಐದು ವರ್ಷ ಬರೀ ನೀರುಣಿಸಿದ. ಅವನ ಲೆಕ್ಕ ಅಚ್ಚಾದದ್ದು 1648ರಲ್ಲಿ: ಮರದ ತೂಕ 164 ಪೌಂಡ್ ಹೆಚ್ಚಿತ್ತು, ಮಣ್ಣು ಕಳೆದುಕೊಂಡದ್ದು ಎರಡೇ ಔನ್ಸ್. ಮರದ ಮೈಗೆ ಬೇಕಾದ ಇಂಗಾಲ ಗಾಳಿಯಿಂದ ಬರುತ್ತದೆಂಬುದು ಆಮೇಲೆ ತಿಳಿಯಿತು. ಮಣ್ಣಿನಿಂದ ಸಿಗುವ ಖನಿಜಗಳನ್ನು ನೀರಿಗೇ ಬೆರೆಸಿ ಕೊಡುವುದೇ ಹೈಡ್ರೋಪೋನಿಕ್ಸ್.

ಆದರೆ ಈ ವಿಧಾನದಲ್ಲಿ ಸೊಪ್ಪು ಬೆಳೆಯುವ ಪೈಪುಗಳು ಹಣ್ಣಿನ ಗಿಡಕ್ಕೆ ಆಗಿಬರುವುದಿಲ್ಲ. ವರ್ಷಗಟ್ಟಲೆ ನಿಲ್ಲುವ ನಿಂಬೆಯ ಬೇರು ಪೈಪನ್ನೇ ಕಟ್ಟಿಬಿಡುತ್ತದೆ. ಬೇರಿಗೆ ಉಸಿರಾಟವೂ ಬೇಕು. 25 ಡಿಗ್ರಿ ಶಾಖದಲ್ಲಿ ಒಂದು ಲೀಟರ್ ನೀರು ಹಿಡಿಯುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಬಿಸಿಲೇರಿದಂತೆ ಇನ್ನೂ ಕಡಿಮೆ. ಕರೆಂಟು ಹೋಗಿ ಪಂಪು ನಿಂತರೆ ಬೇರು ಕೊಳೆಯತೊಡಗುತ್ತದೆ.

ತೆಂಗಿನ ಪುಡಿಗೆ ಈ ತಾಪತ್ರಯವಿಲ್ಲ. ನೆನೆದ ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿ, ನೀರು ಸುರಿಯುತ್ತದೆ. ಕೈ ಸಡಿಲಿಸಿ, ಸ್ಪಂಜಿನಂತೆ ಉಬ್ಬಿ ಗಾಳಿ ತುಂಬಿಕೊಳ್ಳುತ್ತದೆ. ಆದರೆ ಹಸಿ ಪುಡಿಯಲ್ಲಿ ಸೋಡಿಯಂ, ಪೊಟ್ಯಾಷಿಯಂ ಉಪ್ಪು ಜಾಸ್ತಿ. ಸಿಹಿನೀರಿನಲ್ಲಿ ಹಲವು ಸಲ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ, ಬಸಿದು ಬಳಸಬೇಕು. ಕೋಕೋಪೀಟ್ ಎನ್ನುವ ಇದೇ ಪುಡಿಯಲ್ಲಿ ತರಕಾರಿ ಬೆಳೆಯಲೆಂದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ ಸಸ್ಯ ಪೋಷಕ ರಸ’ವೆಂಬ ದ್ರವಗೊಬ್ಬರ ರೂಪಿಸಿದೆ.

ತಳಕ್ಕೆ ತೂತಿರುವ ದೊಡ್ಡ ಡ್ರಮ್ಮು, ಒಂದು ಡ್ರಿಪ್ ಪೈಪು ಇದ್ದರೆ ಶುರು ಮಾಡಬಹುದು. ಕೊಟ್ಟ ಗೊಬ್ಬರದ ದ್ರಾವಣದಲ್ಲಿ ಸ್ವಲ್ಪವಾದರೂ ಕೆಳಗೆ ಬಸಿಯಲಿ. ಇಲ್ಲದಿದ್ದರೆ ಉಪ್ಪು ಕಟ್ಟುತ್ತದೆ. ದ್ರಾವಣದ ಪಿಎಚ್ 5.5ರಿಂದ 6.5ರೊಳಗೆ ಇರಬೇಕು. ಗಡಸು ಬೋರ್‌ವೆಲ್ ನೀರಿನಿಂದ ಪಿಎಚ್ ಏರಿದರೆ ಗಿಡಕ್ಕೆ ಕಬ್ಬಿಣ ಸಿಗದೆ ಎಳೆಯೆಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಹಿಡಿದಿಟ್ಟ ಮಳೆನೀರು ಇದಕ್ಕಿಂತ ಎಷ್ಟೋ ವಾಸಿ.

ನಿಂಬೆ, ಸೀಬೆ, ಅಂಜೂರದ ಕಸಿ ಅಥವಾ ಕಡ್ಡಿ ಸಸಿಗಳು ಡ್ರಮ್ಮಿಗೆ ಒಗ್ಗುತ್ತವೆ. ಮಾವು, ಹಲಸಿಗೆ ನೆಲವೇ ಸರಿ. ಹಿತ್ತಲಿದ್ದವರು ಈ ಗೊಡವೆಗೆ ಹೋಗಬೇಕಿಲ್ಲ. ತಾರಸಿಯಷ್ಟೇ ಇರುವವರು ಒಂದೇ ಒಂದು ನಿಂಬೆಯಿಂದ ಆರಂಭಿಸಿ, ಅದು ಹಣ್ಣು ಬಿಟ್ಟ ಮೇಲೆ ಎರಡನೆಯ ಡ್ರಮ್ಮು ಕೊಳ್ಳಿ.