ನೆಲದ ಕೆಳಗೆ ಒಲೆ ಹಚ್ಚಿದವರು ಯಾರು?

ಮಕ್ಕಳೇ, ಜನವರಿಯ ಒಂದು ಬೆಳಿಗ್ಗೆ ಕೆ.ಆರ್. ಪುರದ ಶಾಲೆಯೊಂದಕ್ಕೆ ಹೋಗಿದ್ದೆ. ಮೈ ನಡುಗಿಸುವ ಚಳಿ. ಆಗಷ್ಟೇ ಮೋಟಾರು ಹಾಕಿದ್ದರು. ಕೊಳವೆ ಬಾವಿಯ ನೀರಿನಲ್ಲಿ ಕೈ ತೊಳೆಯುತ್ತಿದ್ದ ಹುಡುಗಿಯೊಬ್ಬಳು, "ಸರ್, ನೀರು ಬೆಚ್ಚಗಿದೆ! ನೆಲದ ಕೆಳಗೆ ಒಲೆ ಹಚ್ಚಿದವರು ಯಾರು?" ಎಂದಳು. ಒಳ್ಳೆಯ ಪ್ರಶ್ನೆ ಅಲ್ಲವೇ? ಇದಕ್ಕೆ ಉತ್ತರ ಹೇಳಲು ನನ್ನ ಒಂದು ಹಳೆಯ ಪ್ರವಾಸದ ಕಥೆ ಹೇಳಬೇಕು.

ಅದು 2005ರ ಜನವರಿ. ನಾನೂ ನನ್ನ ಗೆಳೆಯನೂ ಎಂ.ಎಸ್‌ಸಿ. ಓದುತ್ತಿದ್ದೆವು. ಅವನು ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನವನು. ದಿನವೂ ರೈಲಿನಲ್ಲಿ ಬಂದು ದಂಡು ನಿಲ್ದಾಣದಲ್ಲಿ ಇಳಿಯುತ್ತಿದ್ದ. ರಜೆಯಲ್ಲಿ ಇಬ್ಬರೂ ದಕ್ಷಿಣ ಕನ್ನಡದ ಪುತ್ತೂರಿಗೆ ಹೋದೆವು. ಅಲ್ಲಿಗೆ ಸಮೀಪದ ಇರ್ದೆ ಗ್ರಾಮದಲ್ಲಿ ಹೊಳೆಯ ಬದಿಗೆ 'ಬೆಂದ್ರ್ ತೀರ್ಥ' ಎಂಬ ಬಿಸಿನೀರಿನ ಬುಗ್ಗೆ ಇದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಕಲ್ಲು ಕಟ್ಟಿದ ಕೊಳಕ್ಕೆ ಇಳಿದಾಗ ಚಳಿಯೆಲ್ಲ ಮಾಯವಾಯಿತು. ಉಷ್ಣತಾಮಾಪಕ ಅದ್ದಿ ನೋಡಿದೆವು. ಸುಮಾರು 37 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ಮೈಯ ಶಾಖದಷ್ಟು!

"ಕೆಳಗೆ ಜ್ವಾಲಾಮುಖಿ ಇರಬಹುದೇ?" ಎಂದು ನಾನು ಕೇಳಿದೆ. ಗೆಳೆಯ ನಕ್ಕ. "ಇದೇನು ಮಹಾ ಬಿಸಿ ಕಣೋ! ನಮ್ಮಪ್ಪ ಇಳಿಯುತ್ತಿದ್ದ ಗಣಿಯಲ್ಲಿ ಬಂಡೆಯೇ ಇದಕ್ಕಿಂತ ಬಿಸಿ. ಅಲ್ಲಿ ಯಾವ ಜ್ವಾಲಾಮುಖಿ ಇತ್ತು?" ಎಂದ.

ಅವನ ಮಾತು ನಿಜ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಗಳಲ್ಲಿ ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ತಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ದಾಟುತ್ತಿತ್ತು. ಯಂತ್ರಗಳಿಂದ ತಂಪು ಮಾಡಿದ ಗಾಳಿಯನ್ನು ಒಳಕ್ಕೆ ಕಳಿಸದಿದ್ದರೆ ಕಾರ್ಮಿಕರು ಅಲ್ಲಿ ದುಡಿಯಲು ಸಾಧ್ಯವಿರಲಿಲ್ಲ.

ಭೂಮಿಯ ಒಳಗೆ ಶಾಖವಿದೆ. ಭೂಮಿ ಹುಟ್ಟಿದಾಗಿನ ಶಾಖದಲ್ಲಿ ಸ್ವಲ್ಪ ಇನ್ನೂ ಉಳಿದಿದೆ. ಶಿಲೆಗಳಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಪರಮಾಣುಗಳು ಒಡೆಯುವಾಗಲೂ ಶಾಖ ಹುಟ್ಟುತ್ತದೆ. ಆದ್ದರಿಂದ ಕೆಳಗೆ ಇಳಿದಂತೆಲ್ಲ ಉಷ್ಣತೆ ಏರುತ್ತದೆ. ಪ್ರಪಂಚದ ಹೆಚ್ಚಿನ ಕಡೆ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಏರಿಕೆ. ಕೋಲಾರದಂಥ ಬಹು ಪುರಾತನ ಶಿಲೆಗಳಲ್ಲಿ ಇದರ ಅರ್ಧದಷ್ಟೇ, ಅಂದರೆ ಸುಮಾರು 12 ಡಿಗ್ರಿ.

ಈಗ ಬುಗ್ಗೆಯ ಗುಟ್ಟು ತಿಳಿಯಿತೇ? ಮಳೆನೀರು ಬಂಡೆಯ ಬಿರುಕುಗಳಲ್ಲಿ ಇಂಗಿ ಆಳಕ್ಕೆ ಇಳಿಯುತ್ತದೆ. ಅಲ್ಲಿ ಬಿಸಿಯಾಗಿ, ಹಗುರವಾಗಿ, ಇನ್ನೊಂದು ಬಿರುಕಿನ ಮೂಲಕ ಮೇಲೇರುತ್ತದೆ. ಒಂದು ಸರಳ ಲೆಕ್ಕ ಮಾಡೋಣ. ನೆಲದ ನೀರು 27 ಡಿಗ್ರಿ, ಬುಗ್ಗೆಯದು 37 ಡಿಗ್ರಿ. ಈ 10 ಡಿಗ್ರಿ ಬಿಸಿಗಾಗಿ ನೀರು ಸುಮಾರು ಮುಕ್ಕಾಲರಿಂದ 1 ಕಿಲೋಮೀಟರು ಆಳಕ್ಕೆ ಹೋಗಿ ಬಂದಿರಬೇಕು! ಹಿಮಾಚಲ ಪ್ರದೇಶದ ಮಣಿಕರಣ್‌ನಲ್ಲಿ ಬುಗ್ಗೆಯ ನೀರು ಎಷ್ಟು ಬಿಸಿಯೆಂದರೆ ಅದರಲ್ಲೇ ಅನ್ನ ಬೇಯಿಸುತ್ತಾರೆ.

ಇನ್ನು ನಮ್ಮ ಶಾಲೆಯ ನೀರಿಗೆ ಬರೋಣ. ಕೊಳವೆ ಬಾವಿಯ ಆಳ 1,000 ಅಡಿ, ಅಂದರೆ ಸುಮಾರು 300 ಮೀಟರು. ಆಳದಿಂದ ಸಿಗುವ ಬಿಸಿ 3-4 ಡಿಗ್ರಿ ಮಾತ್ರ. ಉಳಿದದ್ದು ನಮ್ಮ ಚರ್ಮದ ಆಟ! ಕೆಲವು ಮೀಟರು ಕೆಳಗೆ ನೆಲಕ್ಕೆ ಚಳಿಗಾಲವೂ ಇಲ್ಲ, ಬೇಸಿಗೆಯೂ ಇಲ್ಲ. ಬೆಂಗಳೂರಿನಲ್ಲಿ ಅಲ್ಲಿ ವರ್ಷವಿಡೀ ಸುಮಾರು 25 ಡಿಗ್ರಿ. ಹೊರಗೆ 15 ಡಿಗ್ರಿ ಇದ್ದಾಗ ಆ ನೀರು ಬೆಚ್ಚಗೆ ಎನಿಸುತ್ತದೆ. ಏಪ್ರಿಲ್‌ನಲ್ಲಿ 34 ಡಿಗ್ರಿ ಇದ್ದಾಗ ಅದೇ ನೀರು ತಣ್ಣಗೆ ಎನಿಸುತ್ತದೆ.

ಆದರೆ ಯೋಚಿಸಬೇಕಾದ ಮಾತೊಂದಿದೆ. ಬಂಡೆಯ ಬಿರುಕಿಗೆ ನೀರು ಇಳಿಯಲು ಬಹುಕಾಲ ಬೇಕು. ಅದನ್ನು ಮೇಲೆತ್ತಲು ಮೋಟಾರಿಗೆ ಕೆಲವೇ ನಿಮಿಷ ಸಾಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆ ಬಾವಿಗಳು ಬತ್ತಿದವು. ಇಂಗುವುದಕ್ಕಿಂತ ಹೆಚ್ಚು ಎತ್ತಿದರೆ ಬುಗ್ಗೆಯಾಗಲಿ ಬಾವಿಯಾಗಲಿ ಉಳಿಯದು. ಆ ನೀರಿಗೆ ಒಲೆ ಹಚ್ಚುವ ಕೆಲಸ ಭೂಮಿಯದು. ಪಾತ್ರೆ ಬರಿದಾಗದಂತೆ ನೋಡಿಕೊಳ್ಳುವ ಕೆಲಸ ಮಾತ್ರ ನಮ್ಮದು.

ಮಾಡಿ ನೋಡಿ: ಶಿಕ್ಷಕರ ನೆರವಿನಿಂದ ಕೊಳವೆ ಬಾವಿಯ ನೀರು ಮತ್ತು ಹೊರಗಿನ ಗಾಳಿಯ ಉಷ್ಣತೆಯನ್ನು ಜನವರಿಯಲ್ಲೂ ಏಪ್ರಿಲ್‌ನಲ್ಲೂ ಅಳೆದು ಬರೆದಿಡಿ. ನೀರನ್ನು ತೊಟ್ಟಿಯಿಂದಲ್ಲ, ಮೋಟಾರು ಹತ್ತು ನಿಮಿಷ ಓಡಿದ ಮೇಲೆ ಕೊಳವೆಯಿಂದಲೇ ಹಿಡಿಯಿರಿ. ಅಜ್ಜ ಅಜ್ಜಿಯರನ್ನು, "ನಿಮ್ಮ ಕಾಲದಲ್ಲಿ ಎಷ್ಟು ಅಡಿಗೆ ನೀರು ಸಿಗುತ್ತಿತ್ತು?" ಎಂದು ಕೇಳಿ. ಆ ಉತ್ತರವನ್ನೂ ಪಕ್ಕದಲ್ಲೇ ಬರೆಯಿರಿ.