ಅಯಾನುಗಳನ್ನು ಶೀಘ್ರವಾಗಿ ವಹಿಸುವ ಗಾಜುಗಳು: ತಯಾರಿಕೆ ಮತ್ತು ಪರೀಕ್ಷೆ

ಮೊಬೈಲ್ ದೂರವಾಣಿ ಹಾಗೂ ವಿದ್ಯುತ್ ವಾಹನಗಳ ಲಿಥಿಯಂ ಬ್ಯಾಟರಿಗಳೊಳಗೆ ಸಾಮಾನ್ಯವಾಗಿ ಸುಲಭವಾಗಿ ಹೊತ್ತಿಕೊಳ್ಳುವ ದ್ರಾವಣವಿರುತ್ತದೆ. ಬ್ಯಾಟರಿಗೆ ತಗುಲಿದ ಬೆಂಕಿ ಉಲ್ಬಣಿಸಲು ಇದೂ ಒಂದು ಪ್ರಮುಖ ಕಾರಣ. ಸದರಿ ದ್ರಾವಣಕ್ಕೆ ಬದಲಾಗಿ ಘನ ಪದಾರ್ಥವನ್ನು ಬಳಸುವ ಪ್ರಯತ್ನಗಳು ನಡೆದಿದ್ದು, ಆ ಪೈಕಿ ಅಯಾನುವಾಹಕ ಗಾಜುಗಳ ಬಗ್ಗೆ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕಿಟಕಿಯ ಗಾಜು ವಿದ್ಯುತ್ ನಿರೋಧಕವೆಂಬುದು ಸರ್ವವಿದಿತ. ಆದರೆ ಬೆಳ್ಳಿ ಅಯೊಡೈಡ್, ಬೆಳ್ಳಿ ಆಕ್ಸೈಡ್ ಮತ್ತು ಮಾಲಿಬ್ಡಿನಂ ಆಕ್ಸೈಡ್‌ಗಳಿಂದ ತಯಾರಿಸಿದ ಗಾಜಿನಲ್ಲಿ ಬೆಳ್ಳಿಯ ಅಯಾನುಗಳು ಕೊಠಡಿಯ ತಾಪಮಾನದಲ್ಲಿಯೇ ಚುರುಕಾಗಿ ಚಲಿಸುತ್ತವೆ. ಕೇವಲ ಬೆಳ್ಳಿ ಅಯೊಡೈಡ್ ಸ್ಫಟಿಕವು ಈ ಗುಣವನ್ನು ಪಡೆಯಲು ಸುಮಾರು 147 ಡಿಗ್ರಿ ಸೆಲ್ಸಿಯಸ್ ದಾಟಬೇಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಜೆ. ರಾವ್ ಮತ್ತು ಅವರ ಸಹೋದ್ಯೋಗಿಗಳು ಇಂತಹ ಗಾಜುಗಳನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿರುತ್ತಾರೆ.

ನಿಗದಿತ ಪ್ರಮಾಣದಲ್ಲಿ ತೂಗಿದ ಪುಡಿಗಳನ್ನು ಅರೆದು, ಮೂಸೆಯಲ್ಲಿ ಕರಗಿಸಿ, ದ್ರವವನ್ನು ತಣ್ಣನೆಯ ಲೋಹದ ಫಲಕಗಳ ನಡುವೆ ಸುರಿದು ತಕ್ಷಣ ಒತ್ತಲಾಗುತ್ತದೆ. ನಿಧಾನವಾಗಿ ತಣಿದರೆ ಕಣಗಳು ಸಾಲುಗೂಡಿ ಸ್ಫಟಿಕವಾಗುತ್ತವೆ. ಆದುದರಿಂದ ಇಲ್ಲಿ ವೇಗವೇ ಮುಖ್ಯ. ಬೆಳ್ಳಿ ಅಯೊಡೈಡ್ ಬೆಳಕಿಗೆ ಕಪ್ಪಾಗುವುದರಿಂದ ಅದನ್ನು ಬೆಳಕಿನಿಂದ ದೂರವಿಡತಕ್ಕದ್ದು.

ಮೊದಲ ಪರೀಕ್ಷೆ ಕ್ಷ-ಕಿರಣದ್ದು. ನಕ್ಷೆಯಲ್ಲಿ ಚೂಪಾದ ಶಿಖರಗಳು ಕಂಡರೆ ಸ್ಫಟಿಕ ಉಳಿದಿದೆಯೆಂದೂ, ಅಗಲವಾದ ಉಬ್ಬು ಮಾತ್ರ ಕಂಡರೆ ಗಾಜೆಂದೂ ಪರಿಗಣಿಸಲಾಗುತ್ತದೆ. ಅನಂತರ ಬಿಲ್ಲೆಯ ಎರಡೂ ಮುಖಗಳಿಗೆ ಲೋಹವನ್ನು ಲೇಪಿಸಿ, ವಿವಿಧ ಆವರ್ತನಗಳ ಪರ್ಯಾಯ ವಿದ್ಯುತ್ತನ್ನು ಹರಿಸಿ ರೋಧವನ್ನು ಅಳೆಯಲಾಗುವುದು. ಉದಾಹರಣೆಗೆ, 1 ಮಿಲಿಮೀಟರ್ ದಪ್ಪ, 1 ಚದರ ಸೆಂಟಿಮೀಟರ್ ವಿಸ್ತೀರ್ಣದ ಬಿಲ್ಲೆಯ ರೋಧ 10 ಓಮ್ ಇದ್ದಲ್ಲಿ, ವಾಹಕತೆಯು ಪ್ರತಿ ಸೆಂಟಿಮೀಟರಿಗೆ 0.01 ಸೀಮೆನ್ಸ್ ಆಗುತ್ತದೆ. ಉತ್ತಮ ಬೆಳ್ಳಿ ಗಾಜುಗಳ ಮಟ್ಟ ಸುಮಾರು ಇಷ್ಟೇ.

ಲೆಕ್ಕಪತ್ರ ಬಲ್ಲವರಿಗೆ ಇಲ್ಲೊಂದು ವಿಷಯ ಪರಿಚಿತವೆನಿಸಬಹುದು: ಇದು ಒಟ್ಟು ಮೊತ್ತ ಮಾತ್ರ, ನಿವ್ವಳವಲ್ಲ. ಇದರಲ್ಲಿ ಎಲೆಕ್ಟ್ರಾನುಗಳ ಪಾಲೂ ಸೇರಿರಬಹುದು. ಆ ಪಾಲು ಹೆಚ್ಚಾದರೆ ಬ್ಯಾಟರಿಯು ಬಳಸದೆ ಇಟ್ಟಲ್ಲಿಯೇ ಖಾಲಿಯಾಗುತ್ತದೆ. ಆದ್ದರಿಂದ ಅಯಾನುಗಳನ್ನು ತಡೆಯುವ ಗ್ರಾಫೈಟ್ ವಿದ್ಯುದ್ವಾರವನ್ನು ಜೋಡಿಸಿ, ಅಲ್ಪ ಪ್ರಮಾಣದ ನೇರ ವಿದ್ಯುತ್ತನ್ನು ಕೊಟ್ಟು ಕಾಯಲಾಗುತ್ತದೆ. ಪ್ರವಾಹವು ಇಳಿದಿಳಿದು ಕೊನೆಗೆ ಸ್ಥಿರವಾಗಿ ಉಳಿಯುವ ಅಂಶವೇ ಎಲೆಕ್ಟ್ರಾನುಗಳದ್ದು.

ಬೆಳ್ಳಿ ದುಬಾರಿ ಹಾಗೂ ಭಾರವಾದ ಲೋಹವಾದ್ದರಿಂದ ಬ್ಯಾಟರಿಗಳಿಗೆ ಲಿಥಿಯಂ ಸಲ್ಫೈಡ್ ಮತ್ತು ರಂಜಕದ ಸಲ್ಫೈಡ್‌ಗಳ ಗಾಜಿನತ್ತ ಹೆಚ್ಚಿನ ಗಮನ ಹರಿದಿದೆ. ಇದನ್ನು ಕರಗಿಸದೆಯೇ, ಗುಂಡುಗಳಿರುವ ಗಿರಣಿಯಲ್ಲಿ ಹಲವು ಗಂಟೆ ಅರೆದು ಸಹ ತಯಾರಿಸಬಹುದು. ಆದರೆ ತೇವದ ಗಾಳಿ ತಾಗಿದೊಡನೆ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಡುತ್ತದೆ. ಆದಕಾರಣ ಆರ್ಗಾನ್ ತುಂಬಿದ ಮುಚ್ಚಿದ ಪೆಟ್ಟಿಗೆಯಲ್ಲಿಯೇ ಈ ಕೆಲಸವನ್ನು ನಿರ್ವಹಿಸತಕ್ಕದ್ದು. ಈ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆಯಿದ್ದರೂ, ಪ್ರಮಾಣ ಹೆಚ್ಚಾದಾಗ ಮೂಗು ಆ ವಾಸನೆಯನ್ನು ಗ್ರಹಿಸುವ ಶಕ್ತಿಯನ್ನೇ ಕಳೆದುಕೊಳ್ಳುವುದರಿಂದ, ವಾಸನೆ ನಿಂತ ಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸತಕ್ಕದ್ದಲ್ಲ.