ದಿನಕ್ಕೊಂದು ಗಣಿತದ ಚಿತ್ತಾರ

ದಿನಕ್ಕೊಂದು ಚಿತ್ರ ಬರೆದು ಸ್ನೇಹಿತರಿಗೆ ತೋರಿಸುವ ಹವ್ಯಾಸಿಗಳು ಎಲ್ಲ ಕಾಲದಲ್ಲೂ ಇದ್ದಾರೆ. ಆದರೆ ಕುಂಚ ಹಿಡಿಯದೆ, ಒಂದು ಗೆರೆಯನ್ನೂ ಎಳೆಯದೆ, ಗಣಿತದ ಸೂತ್ರವೊಂದರ ಒಳಹೊಕ್ಕು ಅಲ್ಲಿಂದ ದಿನಕ್ಕೊಂದು ಚಿತ್ರ ಹೆಕ್ಕಿ ತರುವವರ ಹವ್ಯಾಸ ಗಣಕಯಂತ್ರ ಮನೆಗೆ ಬಂದ ಮೇಲೆ ಹುಟ್ಟಿದ್ದು. ಆ ಚಿತ್ರಗಳ ಹೆಸರು ಫ್ರ್ಯಾಕ್ಟಲ್.

ಜರೀಗಿಡದ ಎಲೆಯನ್ನು ಗಮನಿಸಿ. ಅದರ ಒಂದು ಕಿರುಗರಿ ಇಡೀ ಎಲೆಯನ್ನೇ ಹೋಲುತ್ತದೆ. ಕಡಲತೀರದ ಅಂಕುಡೊಂಕಿನದೂ ಅದೇ ಗುಣ. ಹತ್ತಿರ ಹೋದಷ್ಟೂ ಮುಗಿಯದ ಇಂಥ ಆಕಾರಗಳಿಗೆ 1975ರಲ್ಲಿ ಈ ಹೆಸರಿಟ್ಟವರು ಪೋಲೆಂಡಿನಲ್ಲಿ ಹುಟ್ಟಿದ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ (1924–2010). 'ಒಡೆದದ್ದು' ಎಂಬರ್ಥದ ಲ್ಯಾಟಿನ್ ಪದ ಅದರ ಮೂಲ. ಅಮೆರಿಕದ ಐ.ಬಿ.ಎಂ. ಸಂಶೋಧನಾ ಕೇಂದ್ರದಲ್ಲಿದ್ದ ಅವರು 1980ರಲ್ಲಿ ಗಣಕದಿಂದ ಬರೆಯಿಸಿ ನೋಡಿದ ಆಕೃತಿಯೊಂದು ಇಂದು 'ಮ್ಯಾಂಡೆಲ್‌ಬ್ರಾಟ್ ಗಣ' ಎಂದೇ ಪ್ರಸಿದ್ಧ.

ಅದರ ಸೂತ್ರ ಅಚ್ಚರಿಯಾಗುವಷ್ಟು ಸರಳ. ಸೊನ್ನೆಯಿಂದ ಆರಂಭಿಸಿ, ಕೈಯಲ್ಲಿರುವ ಸಂಖ್ಯೆಯನ್ನು ವರ್ಗ ಮಾಡಿ, ಮೊದಲೇ ಗೊತ್ತುಮಾಡಿಕೊಂಡ ಒಂದು ಸಂಖ್ಯೆಯನ್ನು ಅದಕ್ಕೆ ಕೂಡಬೇಕು. ಬಂದ ಉತ್ತರದ ಮೇಲೆ ಮತ್ತೆ ಮತ್ತೆ ಅದೇ ಕ್ರಿಯೆ. ಗೊತ್ತುಮಾಡಿದ ಸಂಖ್ಯೆ 1 ಆದರೆ ಉತ್ತರಗಳು 1, 2, 5, 26, 677 ಎಂದು ಕೈಮೀರಿ ಓಡುತ್ತವೆ. ಅದು –1 ಆದರೆ –1, 0, –1, 0 ಎಂದು ಅಲ್ಲಲ್ಲೇ ಸುತ್ತುತ್ತವೆ. ಸಂಮಿಶ್ರ ಸಂಖ್ಯೆಗಳನ್ನು ಬಳಸಿದರೆ ಒಂದೊಂದು ಸಂಖ್ಯೆಯೂ ಹಾಳೆಯ ಮೇಲಿನ ಒಂದೊಂದು ಬಿಂದುವಾಗುತ್ತದೆ. ಓಡಿಹೋಗದ ಬಿಂದುಗಳಿಗೆ ಕಪ್ಪು. ಓಡಿಹೋಗುವವಕ್ಕೆ, ಎಷ್ಟು ಹೆಜ್ಜೆಯಲ್ಲಿ ಓಡಿದವು ಎಂಬುದರ ಮೇಲೆ ಬೇರೆ ಬೇರೆ ಬಣ್ಣ. ಕಪ್ಪು ಮತ್ತು ಬಣ್ಣ ಕೂಡುವ ಅಂಚಿನಲ್ಲಿ ಸುರುಳಿಗಳು, ಬಳ್ಳಿಗಳು, ಮೂಲ ಆಕೃತಿಯ ಪುಟ್ಟ ಪುಟ್ಟ ಪ್ರತಿಗಳು ಕಾಣಿಸಿಕೊಳ್ಳುತ್ತವೆ.

1985ರ ಆಗಸ್ಟ್‌ನಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ಅಂಕಣಕಾರ ಎ.ಕೆ. ಡ್ಯೂಡ್ನಿ ಈ ಲೆಕ್ಕವನ್ನು ಸಾಮಾನ್ಯ ಓದುಗರಿಗೆ ವಿವರಿಸಿದರು. ಮನೆಯಲ್ಲಿ ಗಣಕವಿದ್ದವರು ಮಾಡಿ ನೋಡಲು ಕುಳಿತರು. ತೊಂದರೆಯೊಂದಿತ್ತು. 640ಕ್ಕೆ 480 ಚುಕ್ಕಿಗಳ ಪರದೆಯೆಂದರೆ ಒಟ್ಟು 3,07,200 ಬಿಂದುಗಳು. ಒಂದೊಂದಕ್ಕೂ ನೂರಾರು ಸಲ ಲೆಕ್ಕ. ಚಿತ್ರವೊಂದಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು. 1988ರಲ್ಲಿ ಬರ್ಟ್ ಟೈಲರ್ ದಶಮಾಂಶದ ಲೆಕ್ಕಕ್ಕೆ ಬದಲಾಗಿ ಪೂರ್ಣಾಂಕಗಳ ಲೆಕ್ಕವನ್ನು ಬಳಸಿ, ಬೇಗ ಚಿತ್ರ ಬಿಡಿಸುವ ತಂತ್ರಾಂಶ ಬರೆದು ಉಚಿತವಾಗಿ ಹಂಚಿದರು. ಬೇರೆಯವರು ಅದಕ್ಕೆ ತಮ್ಮ ತಮ್ಮ ಪಾಲು ಸೇರಿಸಿದರು. ಹೀಗೆ ಬೆಳೆದದ್ದು 'ಫ್ರ್ಯಾಕ್ಟಿಂಟ್'. ಕಲ್ಲೊಂದನ್ನು ಕುದಿಯಲಿಟ್ಟ ದಾರಿಹೋಕನ ಪಾತ್ರೆಗೆ ಊರವರೆಲ್ಲ ಒಂದೊಂದು ತರಕಾರಿ ಹಾಕಿ ರುಚಿಯಾದ ಸಾರು ಮಾಡಿದ ಯುರೋಪಿನ ಜನಪದ ಕಥೆಯನ್ನು ನೆನೆದು, ಆ ಬಳಗ ತನ್ನನ್ನು 'ಕಲ್ಲುಸಾರಿನ ಗುಂಪು' ಎಂದು ಕರೆದುಕೊಂಡಿತು.

ಈ ಹವ್ಯಾಸಿಗಳು ಹಂಚಿಕೊಳ್ಳುವ ರೀತಿಯಲ್ಲೂ ವಿಶೇಷವುಂಟು. ಚಿತ್ರವನ್ನೇ ಕಳುಹಿಸಬೇಕೆಂದಿಲ್ಲ. ಯಾವ ಸೂತ್ರ, ಯಾವ ಬಿಂದುವಿನ ಸುತ್ತ, ಎಷ್ಟು ಪಟ್ಟು ಹಿಗ್ಗಿಸಿದ್ದು, ಯಾವ ಬಣ್ಣಗಳು ಎಂಬ ಕೆಲವು ಸಾಲು ಸಾಕು. ಪಡೆದವರ ಗಣಕ ಅದೇ ಚಿತ್ರವನ್ನು ತಾನೇ ಬಿಡಿಸುತ್ತದೆ. ನಮ್ಮ ಮನೆಗಳಲ್ಲಿ ರಂಗೋಲಿಯನ್ನು ಹೇಳಿಕೊಡುವುದೂ ಬಹುಮಟ್ಟಿಗೆ ಹೀಗೆಯೇ: '13 ಚುಕ್ಕಿಯಿಂದ 7ರ ತನಕ, ಸಂದು ಚುಕ್ಕಿ'. ಈ ಹೋಲಿಕೆ ಕೇವಲ ಮೇಲ್ನೋಟದ್ದಲ್ಲ. ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು ತಮಿಳುನಾಡಿನ ಕೋಲಗಳನ್ನು ಗಣಕಕ್ಕೆ ಒಗ್ಗುವ ನಿಯಮಗಳಾಗಿ ವಿವರಿಸಿ 1974ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಒಂದು ಭೇದ ಮಾತ್ರ ಇದೆ. ರಂಗೋಲಿಯಲ್ಲಿ ಚುಕ್ಕಿ ಇಟ್ಟ ಮೇಲೂ ಬೆರಳಿಗೆ ಕೆಲಸ ಉಳಿಯುತ್ತದೆ. ಫ್ರ್ಯಾಕ್ಟಲ್‌ನಲ್ಲಿ ಸಂಖ್ಯೆ ಕೊಟ್ಟೊಡನೆ ಎಲ್ಲವೂ ನಿಶ್ಚಿತ.

ಹಾಗಾದರೆ ಕಲಾವಿದನ ಪಾಲೇನು? ಚಿತ್ರ ಬಿಡಿಸಿದ್ದು ಯಂತ್ರ, ಆಕಾರ ಕೊಟ್ಟದ್ದು ಗಣಿತ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಆ ಸೂತ್ರದೊಳಗಿನ ವಿಸ್ತಾರವನ್ನು ಊಹಿಸಿಕೊಳ್ಳಬೇಕು. ಒಂದಡಿ ಅಗಲದ ಚಿತ್ರವನ್ನು ಒಂದು ಲಕ್ಷ ಕೋಟಿ ಪಟ್ಟು ಹಿಗ್ಗಿಸಿದರೆ ಅದರ ಅಗಲ ಸುಮಾರು 30 ಕೋಟಿ ಕಿಲೋಮೀಟರ್, ಅಂದರೆ ಭೂಮಿ ಸೂರ್ಯನನ್ನು ಸುತ್ತುವ ಕಕ್ಷೆಯ ವ್ಯಾಸದಷ್ಟಾಗುತ್ತದೆ. ಅಷ್ಟು ದೊಡ್ಡ ಸೀಮೆಯಲ್ಲಿ ಒಂದಡಿಯ ಜಾಗವನ್ನು ಹುಡುಕಿ, ಚೌಕಟ್ಟು ಹಾಕಿ, ಬಣ್ಣ ಹೊಂದಿಸಿ, 'ಇಂದು ಇದು' ಎಂದು ಆರಿಸುವುದು ಮನುಷ್ಯನ ಕಣ್ಣು. ಬೆಟ್ಟವನ್ನು ಛಾಯಾಗ್ರಾಹಕ ಮಾಡಲಿಲ್ಲ; ಆದರೂ ಛಾಯಾಚಿತ್ರ ಅವನದೇ. ದಿನವೂ ಹುಡುಕುವವನಿಗೆ ಯಾವ ಕಣಿವೆಯಲ್ಲಿ ಯಾವ ಬಗೆಯ ಸುರುಳಿ ಸಿಕ್ಕೀತು ಎಂಬ ಅಂದಾಜು ಕ್ರಮೇಣ ಬರುತ್ತದೆ. ಅದು ಅಭ್ಯಾಸದಿಂದ ಬರುವ ಜಾಣ್ಮೆ.

ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಮಾತಿನಲ್ಲಿ ಕೇಳಿದ ಚಿತ್ರವನ್ನು ಕ್ಷಣದಲ್ಲಿ ಕೊಡುತ್ತಿವೆ. ಯಂತ್ರದ ಚಿತ್ರ ಯಾರದು ಎಂಬ ಚರ್ಚೆ ಮತ್ತೆ ಎದ್ದಿದೆ. ಅಲ್ಲಿ ಅದೇ ಮಾತನ್ನು ಎರಡು ಸಲ ಕೊಟ್ಟರೆ ಸಾಮಾನ್ಯವಾಗಿ ಎರಡು ಬೇರೆ ಚಿತ್ರ ಬರುತ್ತವೆ; ಯಾವುದು ಎಲ್ಲಿಂದ ಬಂತೆಂದು ಬೆರಳಿಟ್ಟು ತೋರಿಸುವುದು ಕಷ್ಟ. ಫ್ರ್ಯಾಕ್ಟಲ್ ಹವ್ಯಾಸಿಯಾದರೋ ತಾನು ನಡೆದ ದಾರಿಯನ್ನೇ ಬರೆದುಕೊಡುತ್ತಾನೆ. ಹಳೆಯ ಫ್ರ್ಯಾಕ್ಟಿಂಟ್ ಓಡುತ್ತಿದ್ದ ಡಾಸ್ ಗಣಕಗಳು ಮೂಲೆ ಸೇರಿವೆ. ಆದರೂ ಆ ಕೆಲವು ಸಾಲುಗಳು ಉಳಿದಿದ್ದರೆ, ಅಂದಿನ ಚಿತ್ರವನ್ನು ಇಂದಿನ ಗಣಕದಲ್ಲಿ ಮತ್ತೆ ಬಿಡಿಸಬಹುದು. ಬಿಡಿಸಿದವರು ಅಲ್ಲಿಗೇ ನಿಲ್ಲದೆ ಪಕ್ಕದ ಸುರುಳಿಯೊಳಗೂ ಇಳಿದು ನೋಡಬಹುದು.